ವಂಡರ್‌ಲಾಗೆ ಒಂದು ದಿನ, ಮರುದಿನ ಮನೆಯಲ್ಲೇ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಬೇಸಿಗೆ ರಜೆ ಬೀಳುತ್ತಿದ್ದಂತೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ವಂಡರ್‌ಲಾ ಮಾತು ಶುರುವಾಗುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಟಿಕೆಟ್ಟಿನ ಲೆಕ್ಕ ಹಾಕುತ್ತಾನೆ, ಅಮ್ಮ ಯಾವತ್ತು ಹೊರಡುವುದೆಂದು ಕೇಳುತ್ತಾಳೆ. ಎಲ್ಲವೂ ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಮನೆಯ ಹಿರಿಯರೊಬ್ಬರು ಆ ಮಾತು ಆಡಿಬಿಡುತ್ತಾರೆ: 'ಹೆಂಗೂ ಅಷ್ಟು ದೂರ ಹೋಗ್ತೀರಲ್ಲ, ಹಂಗೇ ಮೈಸೂರೂ ನೋಡ್ಕೊಂಡು ಬಂದ್ಬಿಡಿ.' ಮೈಸೂರು ಎಂದ ಮೇಲೆ ಅರಮನೆ ಬಿಡಲಾಗದು, ಚಾಮುಂಡಿ ಬೆಟ್ಟ ಹತ್ತದೆ ಬರಲಾಗದು, ಸಂಜೆ ಬೃಂದಾವನದ ಕಾರಂಜಿ ತಪ್ಪಿಸಲಾಗದು. ಶ್ರೀರಂಗಪಟ್ಟಣ ದಾರಿಯಲ್ಲೇ ಇದೆ. ಟಿಟಿ ಗಾಡಿ ಗೊತ್ತು ಮಾಡಿ ಬೆಳಗಿನ ಜಾವ ಹೊರಟು, ಮಾರನೆಯ ದಿನ ಸರಿರಾತ್ರಿಯಲ್ಲಿ ಮನೆ ಸೇರುವ ಹೊತ್ತಿಗೆ ಮಕ್ಕಳು ಸೀಟಿನ ಮೇಲೆ ಅಡ್ಡಾದಿಡ್ಡಿ ಬಿದ್ದಿರುತ್ತಾರೆ, ದೊಡ್ಡವರು ಒಬ್ಬರ ಮೇಲೊಬ್ಬರು ಸಿಡುಕುತ್ತಿರುತ್ತಾರೆ, ಚಾಲಕ ಕಣ್ಣುಜ್ಜಿಕೊಳ್ಳುತ್ತಿರುತ್ತಾನೆ.

ಈ 'ಹಂಗೇ'ಯನ್ನು ಬಿಡಬೇಕು. ಪಾರ್ಕಿಗೆ ಹೋಗುವುದಾದರೆ ಪಾರ್ಕಿಗೆ ಮಾತ್ರ ಹೋಗಬೇಕು. ಅದರ ಮರುದಿನವನ್ನು ಏನೂ ಮಾಡದೆ ಇರುವುದಕ್ಕೆಂದೇ ಮೊದಲೇ ಎತ್ತಿಡಬೇಕು. ಹೇಳುವುದು ಸುಲಭ, ಈ ನಾಲ್ಕು ತಾಲ್ಲೂಕುಗಳಲ್ಲಿ ಮಾಡುವುದು ಕಷ್ಟ. ಆ ಕಷ್ಟವನ್ನು ಅರಿಯದೆ ಬುದ್ಧಿ ಹೇಳಿದರೆ ಯಾರ ಮನೆಯಲ್ಲೂ ನಡೆಯುವುದಿಲ್ಲ.

ಮೊದಲು ದಾರಿಯ ಮಾತು. ವಂಡರ್‌ಲಾ ಇರುವುದು ಬಿಡದಿಯ ಬಳಿ, ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 28 ಕಿಲೋಮೀಟರ್ ಆಚೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನ ಪಾರ್ಕ್ ತೆರೆದ ಉದ್ಯಮಿ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರ ಸಂಸ್ಥೆ 2005ರಲ್ಲಿ ಇಲ್ಲಿ ಎರಡನೆಯದನ್ನು ಕಟ್ಟಿತು. 82 ಎಕರೆಯ ಜಾಗದಲ್ಲಿ ನೀರಿನ ಆಟ, ಒಣ ಆಟ ಎಲ್ಲ ಸೇರಿ 60ರಷ್ಟು ರೈಡುಗಳು. ಬೆಂಗಳೂರಿನವರಿಗೆ ಅದು ಹಿತ್ತಲ ಬಾಗಿಲು. ಕೋಲಾರ ಮಾತ್ರ ಬೆಂಗಳೂರಿನ ಮೂಡಣ ದಿಕ್ಕಿಗಿದೆ, ಬಿಡದಿ ಪಡುವಣಕ್ಕಿದೆ, ನಡುವೆ ಇಡೀ ಬೆಂಗಳೂರು ಮಲಗಿದೆ. ಕೋಲಾರದಿಂದ ಹೊರಟರೆ ನೂರು ಕಿಲೋಮೀಟರಿನ ಆಸುಪಾಸು, ಮುಳಬಾಗಿಲಿನಿಂದ ನೂರಿಪ್ಪತ್ತು ದಾಟುತ್ತದೆ. ಹೆದ್ದಾರಿ 75ರಲ್ಲಿ ಹೊಸಕೋಟೆವರೆಗೆ ಗಾಡಿ ಹಾರಿಕೊಂಡು ಹೋಗುತ್ತದೆ. ಕೆ.ಆರ್. ಪುರದ ತೂಗುಸೇತುವೆ ಕಂಡ ಮೇಲೆ ಕತೆಯೇ ಬೇರೆ. ಪಾರ್ಕಿನ ಬಾಗಿಲು ತೆರೆಯುವುದು ಬೆಳಗ್ಗೆ 11ಕ್ಕೆ, ವಾರದ ದಿನಗಳಲ್ಲಿ ಮುಚ್ಚುವುದು ಸಂಜೆ 6ಕ್ಕೆ. ಹೋಗುವ ಬರುವ ಹೊತ್ತನ್ನು ಕೂಡಿದರೆ ಆಡುವಷ್ಟೇ ಹೊತ್ತು ಗಾಡಿಯಲ್ಲಿ ಕೂತಂತಾಯಿತು. ಇದರ ಮೇಲೆ ಮೈಸೂರನ್ನೂ ಹೇರುವುದು ಯಾವ ನ್ಯಾಯ?

ಇಷ್ಟು ದೂರವಾದರೆ ಒಂದು ರಾತ್ರಿ ಅಲ್ಲೇ ಉಳಿಯಬಹುದಲ್ಲ ಎಂದು ನಗರದವರು ಕೇಳುತ್ತಾರೆ. ಪಾರ್ಕಿನ ಪಕ್ಕದಲ್ಲೇ ಅದೇ ಸಂಸ್ಥೆಯ 84 ಕೋಣೆಗಳ ರೆಸಾರ್ಟು 2012ರಿಂದ ಇದೆ. ದುಡ್ಡಿನ ಪ್ರಶ್ನೆ ಒಂದು ಕಡೆಗಿರಲಿ, ಮನೆಯಲ್ಲಿ ಹಸು ಕಟ್ಟಿದವರು ರಾತ್ರಿ ಹೊರಗೆ ಉಳಿಯುವುದು ಹೇಗೆ? ಈ ಜಿಲ್ಲೆಯ ಹಳ್ಳಿಗಳ ದಿನಚರಿ ಡೇರಿಗೆ ಕಟ್ಟುಬಿದ್ದಿದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಕರೆದು ಹಾಕಲೇಬೇಕು. ಪಕ್ಕದ ಮನೆಯವರು ಒಂದು ಹೊತ್ತು ನೋಡಿಕೊಂಡಾರು, ಎರಡು ಹೊತ್ತು ಕೇಳಲು ಸಂಕೋಚ. ರೇಷ್ಮೆ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ ದಾಟಿತೆಂದರೆ ಹಗಲು ರಾತ್ರಿ ಎನ್ನದೆ ಸೊಪ್ಪು ಹಾಕುತ್ತಿರಬೇಕು. ಗೂಡು ಬಿಡಿಸಿ ಮಾರುವ ತನಕ ಮನೆಯವರು ಅಲ್ಲಾಡುವಂತಿಲ್ಲ. ಶ್ರೀನಿವಾಸಪುರದ ಕಡೆ ಮೇ ನಡುವಿನಿಂದ ಜುಲೈವರೆಗೆ ಮಾವಿನ ಸುಗ್ಗಿ. ಬಾದಾಮಿ, ರಸಪುರಿ, ತೋತಾಪುರಿ ಎಂದು ಒಂದರ ಹಿಂದೊಂದು ಮಂಡಿಗೆ ಇಳಿಯುವಾಗ ತೋಟದವರಿಗೂ ಮಂಡಿಯವರಿಗೂ ಕೂಲಿಯವರಿಗೂ ನಿದ್ದೆಯಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರ ಪಾಡು ಇನ್ನೊಂದು ಬಗೆ. ಶಿಫ್ಟು ಮುಗಿಸಿ ಬಂದವರಿಗೆ ವಾರದ ರಜೆ ಒಂದೇ ದಿನ, ಅದೂ ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ ಬಂದರೆ ಜೊತೆಯಾಗಿ ಹೊರಡುವುದೇ ಕನಸು.

ದುಡ್ಡಿನ ಹರಿವೂ ಹೀಗೆಯೇ ಏರುಪೇರು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊ ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದದ್ದನ್ನೂ ಇದೇ ಜನ ಕಂಡಿದ್ದಾರೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿದಾಗ ಶ್ರೀನಿವಾಸಪುರದ ತೋಟಗಳಲ್ಲಿ ಕಾಯಿ ಕೊಳೆಯತೊಡಗಿತು. ಇಂಥ ಕಡೆ ಸುತ್ತಾಟಕ್ಕೆಂದು ಕೈಗೆ ದುಡ್ಡು ಸಿಗುವುದು ಯಾವಾಗಲೋ ಒಮ್ಮೆ. ಸಿಕ್ಕ ಒಮ್ಮೆಯಲ್ಲೇ ಎಲ್ಲವನ್ನೂ ಮುಗಿಸಿಬಿಡಬೇಕೆಂಬ ಆತುರ ಹುಟ್ಟುವುದು ಇಲ್ಲಿ. ಅದನ್ನು ದುರಾಸೆ ಎನ್ನಲಾಗದು. ಮುಂದಿನ ಸಲ ಯಾವಾಗಲೋ ಎಂಬ ಭಯ ಅದು. ಆ ಭಯಕ್ಕೆ ಕಾರಣವಿದೆ, ಆದರೆ ಅದು ಕೊಡುವ ಸಲಹೆ ಸರಿಯಿಲ್ಲ.

ಸರಿಯಿಲ್ಲ ಎನ್ನಲು ಆಧಾರವಿದೆ. ನೆದರ್ಲೆಂಡ್ಸ್‌ನ ಯೆರೂನ್ ನವೈನ್ ಮತ್ತು ಸಂಗಡಿಗರು 1,530 ಮಂದಿ ಡಚ್ ವಯಸ್ಕರನ್ನು ಅಧ್ಯಯನ ಮಾಡಿ 2010ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪ್ರವಾಸಕ್ಕೆ ಹೋಗಲಿರುವವರು ಹೋಗದವರಿಗಿಂತ ಮುಂಚಿತವಾಗಿಯೇ ಹೆಚ್ಚು ಖುಷಿಯಲ್ಲಿದ್ದರು. ಕಾಯುವುದರಲ್ಲೇ ಅರ್ಧ ಸುಖ. ಆದರೆ ಹೋಗಿ ಬಂದ ಮೇಲೆ ಬಹುಪಾಲು ಜನರಲ್ಲಿ ಆ ವ್ಯತ್ಯಾಸ ಉಳಿದಿರಲಿಲ್ಲ. ಉಳಿದದ್ದು ಒಂದೇ ಗುಂಪಿನಲ್ಲಿ: ಪ್ರವಾಸ ತುಂಬಾ ನಿರಾಳವಾಗಿತ್ತು ಎಂದವರಲ್ಲಿ. ಅವರ ಖುಷಿಯೂ ಕೆಲವು ವಾರಗಳಲ್ಲಿ ಕರಗಿತೆನ್ನಿ. ಬರೀ 'ಚೆನ್ನಾಗಿತ್ತು' ಎಂದವರಿಗೆ ಆ ಕೆಲವು ವಾರವೂ ದಕ್ಕಲಿಲ್ಲ. ಡಚ್ಚರಿಗೆ ಹಸುಗಳಿವೆ, ಹಾಲಿನ ಲೆಕ್ಕವೂ ಗೊತ್ತು. ಅವರ ಅನುಭವ ಮಾಲೂರಿಗೆ ಪೂರ್ತಿ ಹೊಂದದಿರಬಹುದು, ಆದರೂ ಕಿವಿಗೊಡಬೇಕಾದ ಮಾತು ಅದರಲ್ಲಿದೆ. ನೋಡಿದ ಜಾಗಗಳ ಪಟ್ಟಿ ಉದ್ದವಾದಷ್ಟೂ ಮನಸ್ಸು ತಣಿಯುತ್ತದೆ ಎಂಬ ನಂಬಿಕೆಗೆ ಅಲ್ಲಿ ಪುಷ್ಟಿ ಸಿಕ್ಕಿಲ್ಲ.

ಇನ್ನು ಪಾರ್ಕಿನ ಒಳಗಿನ ದಿನ. 60ರಷ್ಟು ರೈಡುಗಳಿವೆಯೆಂದು ಅಷ್ಟನ್ನೂ ಮುಗಿಸಲು ಓಡುವವರಿದ್ದಾರೆ, ಕೊಟ್ಟ ಟಿಕೆಟ್ಟಿನ ದುಡ್ಡು ವಸೂಲಾಗಬೇಕಲ್ಲ ಎಂಬ ಹಟದಲ್ಲಿ. ರಜೆಯ ಭಾನುವಾರ ಹೋದರೆ ದೊಡ್ಡ ರೈಡೊಂದರ ಸಾಲಿನಲ್ಲೇ ಹೊತ್ತು ಹೋಗುತ್ತದೆ. ಸಾಲಿನ ತಲೆನೋವು ಬಿಡದಿಗಷ್ಟೇ ಅಲ್ಲ, ಜಗತ್ತಿಗೆ ಥೀಮ್ ಪಾರ್ಕ್ ತೋರಿಸಿದ ಡಿಸ್ನಿಯವರೇ 1999ರಲ್ಲಿ ಫಾಸ್ಟ್‌ಪಾಸ್ ಎಂಬ ಏರ್ಪಾಟು ತರಬೇಕಾಯಿತು. ಬಿಡದಿಯಲ್ಲೂ ಹೆಚ್ಚು ದುಡ್ಡಿಗೆ ಸಾಲು ತಪ್ಪಿಸುವ ಟಿಕೆಟ್ ಸಿಗುತ್ತದೆ. ಅದಕ್ಕಿಂತ ಅಗ್ಗದ ದಾರಿ ಮಂಗಳವಾರವೋ ಬುಧವಾರವೋ ಹೋಗುವುದು. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಕೂತು, ಪ್ರತಿ ಮಗುವೂ ತನಗೆ ಬೇಕೇ ಬೇಕಾದ ಮೂರು ಆಟ ಹೇಳಲಿ. ಅವಿಷ್ಟು ಆದರೆ ದಿನ ಗೆದ್ದಂತೆ, ಮಿಕ್ಕದ್ದೆಲ್ಲ ಮೇಲೋಗರ. ರೈಡುಗಳಿಗೆ ಎತ್ತರದ ಮಿತಿ ಇದೆ. ಯಾವುದಕ್ಕೆ ಚಿಕ್ಕವನನ್ನು ಬಿಡುವುದಿಲ್ಲ ಎಂದು ಮೊದಲೇ ತಿಳಿದು ಹೇಳಿಟ್ಟರೆ ಅಲ್ಲಿ ನೆಲಕ್ಕೆ ಬಿದ್ದು ಅಳುವುದು ತಪ್ಪುತ್ತದೆ. ಮಧ್ಯಾಹ್ನ ಊಟವಾದ ಮೇಲೆ ನೆರಳಲ್ಲಿ ಒಂದು ಗಂಟೆ ಕೂರಬೇಕು. ಏಪ್ರಿಲ್ ಬಿಸಿಲಿನಲ್ಲಿ ಹೊಟ್ಟೆ ತುಂಬಿದ ಮಗುವನ್ನು ತಲೆಕೆಳಗಾಗಿ ತಿರುಗಿಸುವ ಯಂತ್ರಕ್ಕೆ ಹತ್ತಿಸುವುದು ಬೇಡ.

ಮುಖ್ಯವಾಗಿ, ಬಾಗಿಲು ಹಾಕುವ ಮುಂಚೆಯೇ ಹೊರಡಬೇಕು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಜೊತೆಗೆ ಮತ್ತೂ 30 ಸೆಕೆಂಡು ಇಡಿಸಿ, ಆ ಕೊನೆಯ ಹೊತ್ತಿನಲ್ಲಿ ನೀರನ್ನು ಒಂದೇ ಡಿಗ್ರಿಯಷ್ಟು ಬೆಚ್ಚಗೆ ಮಾಡಿದರು. ಮತ್ತೆ ಮಾಡುವುದಾದರೆ ಯಾವುದು ಬೇಕೆಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು, ಒಟ್ಟು ಕಷ್ಟ ಜಾಸ್ತಿಯಾಗಿದ್ದರೂ! ನೆನಪು ಕಟ್ಟುವಾಗ ಕೊನೆಗೆ ಅಷ್ಟು ತೂಕ. ಐದು ಗಂಟೆಗೆ ಅಲೆಗಳ ಕೊಳದಿಂದ ನಗುತ್ತ ಎದ್ದು, ಒಣಬಟ್ಟೆ ಹಾಕಿಕೊಂಡು, ಬಿಸಿ ಚಹಾ ಕುಡಿದು ಹೊರಬಿದ್ದ ಮನೆಯವರು ಊರಲ್ಲಿ ಹೇಳುವ ಕತೆಯೇ ಬೇರೆ. ಕೊನೆಯ ರೈಡಿಗೆ ಓಡಿ, ಅದೂ ಸಿಗದೆ, ಒದ್ದೆ ಚಡ್ಡಿಯಲ್ಲೇ ಗಾಡಿ ಹತ್ತಿದವರು ಹೇಳುವ ಕತೆಯೇ ಬೇರೆ.

ಮನೆಯ ಹೆಂಗಸರ ದಿನವನ್ನು ಈ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ. ಮಕ್ಕಳ ದಿನ ಪಾರ್ಕಿನ ಗೇಟಿನಲ್ಲಿ ಶುರುವಾದರೆ, ಅಮ್ಮನ ದಿನ ಅದಕ್ಕೆ ಏಳೆಂಟು ಗಂಟೆ ಮುಂಚೆ ಒಲೆಯ ಮುಂದೆ ಶುರುವಾಗಿರುತ್ತದೆ: ದಾರಿಗೆ ಪುಳಿಯೋಗರೆ, ಮೊಸರನ್ನ, ಚಿಕ್ಕದಕ್ಕೆ ಬೇರೆ ಡಬ್ಬಿ. ಹೊರಗಿನ ಊಟವನ್ನು ಪಾರ್ಕಿನೊಳಗೆ ಬಿಡುವುದಿಲ್ಲವಾದ್ದರಿಂದ ಅದು ಗಾಡಿಯಲ್ಲೇ, ಗೇಟಿನ ಹೊರಗೇ ಖರ್ಚಾಗಬೇಕು. ಒಳಗೆ ಚೀಲ ಕಾಯುವವಳು, ಅಜ್ಜಿಯನ್ನು ನೋಡಿಕೊಳ್ಳುವವಳು, ಮಕ್ಕಳ ತಲೆ ಒರೆಸುವವಳು ಅವಳೇ. ರಾತ್ರಿ ಬಂದಾಗ ಕ್ಲೋರಿನ್ ವಾಸನೆಯ ಒದ್ದೆ ಬಟ್ಟೆಗಳ ಗಂಟು ಬಚ್ಚಲಲ್ಲಿ ಅವಳಿಗಾಗಿಯೇ ಕಾದಿರುತ್ತದೆ. ಮನೆಮಂದಿಯ ರಜೆ ಎನ್ನುವುದು ಅವಳನ್ನೂ ಒಳಗೊಳ್ಳಬೇಕಾದರೆ ಮರುದಿನದ ಬಟ್ಟೆ, ಅಡುಗೆ, ಹಸು ಇವುಗಳ ಪೈಕಿ ಒಂದಾದರೂ ಗಂಡಸರ ಪಾಲಿಗೆ ಬರಬೇಕು. ಬೆಳಗಿನ ತಿಂಡಿ ಮುಳಬಾಗಿಲಿನ ಹೋಟೆಲಿನಿಂದ ತುಪ್ಪದ ದೋಸೆಯಾಗಿ ಬಂದರೂ ಒಳ್ಳೆಯದೇ.

ಈ ಭಾಗದಲ್ಲಿ ಮಕ್ಕಳ ಪ್ರವಾಸದ ಬಗ್ಗೆ ಬರೆಯುವಾಗ 2024ರ ಡಿಸೆಂಬರ್ 10ನ್ನು ಮರೆತು ಬರೆಯಲಾಗದು. ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಅಂದು ಸಂಜೆ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಕಾವಲಿರುವ, ಆಳ ಗೊತ್ತಿರುವ ಪಾರ್ಕಿನ ಕೊಳಕ್ಕೂ ಅಲೆಯ ಸಮುದ್ರಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಬಹಳ ಮಂದಿಗೆ ಈಜು ಬಾರದು. ನೀರು ಕಂಡರೆ ಮಾತ್ರ ಹಿಡಿತಕ್ಕೆ ಸಿಗದ ಸಂಭ್ರಮ. ನೀರಿನ ಬಳಿ ಮಗುವಿನ ಮೇಲೆ ಕಣ್ಣಿಡಬೇಕಾದವರು ಹಿಂದಿನ ರಾತ್ರಿ ನಿದ್ದೆ ಮಾಡಿರಬೇಕು. ಪ್ರವಾಸದ ನಡುವೆ ವಿಶ್ರಾಂತಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿಲ್ಲ. ಟಿಟಿ ಚಾಲಕನಿಗೂ ಇದೇ ಮಾತು ಸಲ್ಲುತ್ತದೆ. ಮನೆಯವರೆಲ್ಲ ಒಳಗೆ ಆಡುವಾಗ ಅವನು ಪಾರ್ಕಿಂಗಿನ ಬಿಸಿಲಲ್ಲಿ ಕಾದ ಗಾಡಿಯೊಳಗೆ ಬೇಯುತ್ತಿರುತ್ತಾನೆ, ಆಮೇಲೆ ಅದೇ ರಾತ್ರಿ ಎಲ್ಲರ ಜೀವವೂ ಅವನ ಕೈಯಲ್ಲಿರುತ್ತದೆ. ಹಗಲು ಅವನು ಮಲಗಲು ಬಿಡದಿಯಲ್ಲಿ ಒಂದು ಲಾಡ್ಜು ಕೋಣೆ ಹಿಡಿದು ಕೊಡುವುದು ಬಾಡಿಗೆಯ ಭಾಗವೆಂದೇ ತಿಳಿಯಬೇಕು.

ಹಿಂದಿನವರು ಈ ಹದವನ್ನು ಬಲ್ಲವರಾಗಿದ್ದರು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಆಸುಪಾಸಿಗೆ ನಡೆಯುವ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಬಂದವರು ಬಂದ ದಿನವೇ ಹಿಂದಿರುಗುತ್ತಿರಲಿಲ್ಲ. ಮರದ ನೆರಳಲ್ಲಿ ಬೀಡು ಬಿಟ್ಟು, ಅಲ್ಲೇ ಮೂರು ಕಲ್ಲಿಟ್ಟು ಮುದ್ದೆ ಬೇಯಿಸಿ, ಒಂದು ಹೊತ್ತು ವ್ಯಾಪಾರ, ಒಂದು ಹೊತ್ತು ತೇರು, ಮಧ್ಯಾಹ್ನವೆಲ್ಲ ಗಾಡಿಯ ಕೆಳಗೆ ನಿದ್ದೆ. ರಾಟೆ ತೊಟ್ಟಿಲು ತಿರುಗುವ ಗದ್ದಲವೂ ಸುಮ್ಮನೆ ಕೂರುವ ಹೊತ್ತೂ ಒಂದೇ ಬಯಲಿನಲ್ಲಿದ್ದವು. ಮಕ್ಕಳು ತೊಟ್ಟಿಲಲ್ಲಿ ತಿರುಗಿ ಸಾಕಾದಾಗ ಬಂದು ಮಲಗಲು ಪಕ್ಕದಲ್ಲೇ ಗಾಡಿಯಿತ್ತು. ಟಿಕೆಟ್ ಕೊಂಡು ಒಳಹೋಗುವ ಪಾರ್ಕಿನಲ್ಲಿ ಈ ಎರಡನೆಯ ಭಾಗವನ್ನು ಮನೆಯವರೇ ಹವಣಿಸಬೇಕು.

ಹಾಗಾದರೆ ಮರುದಿನ ಎಲ್ಲಿ? ಉತ್ತರ ಊರಲ್ಲೇ ಇದೆ. ಕೆ.ಆರ್. ಪುರದಲ್ಲೋ ಹೊಸಕೋಟೆಯಲ್ಲೋ ಅಕ್ಕನದೋ ಚಿಕ್ಕಪ್ಪನದೋ ಮನೆ ಇರುವವರು ಪಾರ್ಕಿನ ರಾತ್ರಿ ಅಲ್ಲಿ ಉಳಿದು, ಬೆಳಗ್ಗೆ ನಿಧಾನಕ್ಕೆ ಎದ್ದು ಬರಲಿ. ಹಸು ಇರುವವರು ರಾತ್ರಿಯೇ ಬಂದು ಮರುದಿನ ಹಗಲೆಲ್ಲ ಮಲಗಲಿ, ಸಂಜೆ ಬಿಸಿಲಿಳಿದ ಮೇಲೆ ಹತ್ತಿರದಲ್ಲೇ ಒಂದು ಕಡೆ, ಒಂದೇ ಕಡೆ ಹೋಗಲಿ. ಕೋಲಾರದವರಿಗೆ ಅಂತರಗಂಗೆಯಿದೆ. ಶತಶೃಂಗದ ಬಂಡೆಗಳ ನಡುವೆ ಬಸವನ ಬಾಯಿಂದ ನೀರು ಸುರಿಯುವ ಕಲ್ಯಾಣಿಯ ಪಕ್ಕ ಕೂತರೆ ಕಾಲಿನ ನೋವು ಅರ್ಧ ಇಳಿಯುತ್ತದೆ. ಕೋತಿಗಳಿಂದ ಚೀಲ ಜೋಪಾನ ಮಾಡಿದರಾಯಿತು. ಮುಳಬಾಗಿಲಿನವರಿಗೆ ನೊಳಂಬರ ಕಾಲದ ಗುಡಿಗಳಿರುವ ಆವಣಿ, ಆಳೆತ್ತರವನ್ನು ಮೀರಿದ ಏಕಶಿಲೆಯ ಗಣಪನಿರುವ ಕುರುಡುಮಲೆ. ಮಾಲೂರಿನವರಿಗೆ ಟೇಕಲ್ ಬಂಡೆಬೆಟ್ಟ. ಶ್ರೀನಿವಾಸಪುರದವರಿಗೆ ಮಾವಿನ ತೋಪಿಗಿಂತ ತಂಪಾದ ಜಾಗ ಬೇರೆ ಯಾಕೆ ಬೇಕು?

ಇಲ್ಲೂ ಒಂದು ಅಪಾಯವಿದೆ. ಈ ಜಾಗಗಳೇ ಇನ್ನೊಂದು ಪಟ್ಟಿಯಾಗಿಬಿಡಬಹುದು. ಶನಿವಾರ ಭಾನುವಾರ ಹೆದ್ದಾರಿಯಲ್ಲಿ ನಿಂತು ನೋಡಿದರೆ ಬೆಂಗಳೂರಿನ ಕಾರುಗಳು ಎದುರಿನಿಂದ ಬರುತ್ತಿರುತ್ತವೆ: ಬೆಳಗ್ಗೆ ಮುಳಬಾಗಿಲು ದೋಸೆ, ಆಮೇಲೆ ಕುರುಡುಮಲೆ, ಆವಣಿ, ಕಮ್ಮಸಂದ್ರದ ಕೋಟಿಲಿಂಗ, ಸಂಜೆಗೆ ಅಂತರಗಂಗೆ, ರಾತ್ರಿ ಊಟಕ್ಕೆ ವಾಪಸು ಮನೆ. 108 ಅಡಿಯ ಲಿಂಗದ ಮುಂದೆ ಫೋಟೊ ತೆಗೆದುಕೊಂಡು ಐದೇ ನಿಮಿಷಕ್ಕೆ ಗಾಡಿ ಹತ್ತುತ್ತಾರೆ. ಕೋಲಾರದವರು ಪಡುವಣಕ್ಕೆ ಧಾವಿಸುವಾಗ ಬೆಂಗಳೂರಿನವರು ಮೂಡಣಕ್ಕೆ ಧಾವಿಸುತ್ತಾರೆ, ಹೊಸಕೋಟೆಯ ಟೋಲಿನಲ್ಲಿ ಇಬ್ಬರಿಗೂ ಒಂದೇ ಅವಸರ.

ಇಷ್ಟಾದರೂ ಪೂರ್ತಿ ಹೊಣೆಯನ್ನು ಮನೆಯವರ ಮೇಲೆ ಹೊರಿಸುವುದು ಅನ್ಯಾಯ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸಿಗುವ ಒಂದು ದಿನದ ಮೇಲೆ ಮಕ್ಕಳ ಆಟದ ಹಸಿವೆಲ್ಲ ಬಂದು ಬೀಳುವುದಕ್ಕೆ ಕಾರಣ, ಉಳಿದ ದಿನಗಳಲ್ಲಿ ಊರಲ್ಲಿ ಆಡಲು ಸರಿಯಾದ ಜಾಗವಿಲ್ಲದಿರುವುದು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ನೆರಳಿರುವ, ಶೌಚಾಲಯವಿರುವ, ಜೋಕಾಲಿಯ ಸರಪಳಿ ಕಿತ್ತುಹೋಗದ ಒಂದೊಂದು ಮಕ್ಕಳ ಉದ್ಯಾನ, ತರಬೇತುದಾರರಿರುವ ಒಂದೊಂದು ಈಜುಕೊಳ ಇದ್ದರೆ ವಂಡರ್‌ಲಾದ ಮೇಲಿನ ಭಾರ ತಾನೇ ತಗ್ಗುತ್ತದೆ, ನೀರಿನ ಸಾವುಗಳೂ ತಗ್ಗುತ್ತವೆ. ನಗರಸಭೆ, ಪುರಸಭೆಗಳ ಬಜೆಟ್ಟಿನಲ್ಲಿ ಇದು ಚರಂಡಿಯಷ್ಟೇ ಮುಖ್ಯವಾದ ಬಾಬತ್ತಾಗಬೇಕು.

ಕೆರೆಗಳ ಮಾತೂ ಇದೇ. ಬೆಂಗಳೂರಿನ ಸಂಸ್ಕರಿತ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ ತರುವ ಗುರಿಯ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾದ ಮೇಲೆ, ದಶಕಗಟ್ಟಲೆ ಜಾಲಿ ಬೆಳೆದಿದ್ದ ಅಂಗಳಗಳಲ್ಲಿ ನೀರು ನಿಂತಿದೆ. ಆ ನೀರಿನ ಗುಣಮಟ್ಟದ ಚರ್ಚೆ ಮುಗಿದಿಲ್ಲ, ಅದು ಇಳಿದು ಈಜಲಿಕ್ಕಲ್ಲ. ಏರಿಯ ಮೇಲೆ ನಡೆಯಲಿಕ್ಕೆ, ಸಂಜೆ ಕೂತು ಕೊಕ್ಕರೆ ನೋಡಲಿಕ್ಕೆ ಅಡ್ಡಿಯಿಲ್ಲ. ನಾಲ್ಕು ಕಲ್ಲುಬೆಂಚು, ಎರಡು ಸಾಲು ಹೊಂಗೆ ಗಿಡ, ಕಟ್ಟೆಗೆ ಒಂದು ತಡೆಗಂಬಿ ಹಾಕಲು ದೊಡ್ಡ ಯೋಜನೆಯೇನೂ ಬೇಡ.

ದಾರಿಯ ಕಷ್ಟಕ್ಕೂ ಪರಿಹಾರ ಅರ್ಧ ತಯಾರಾಗಿದೆ. 2023ರ ಅಕ್ಟೋಬರ್ 9ರಿಂದ ನಮ್ಮ ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ 43 ಕಿಲೋಮೀಟರ್ ಪೂರ್ತಿ ಓಡುತ್ತಿದೆ. ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊ ನಿಲ್ದಾಣ. ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಸಿಗ್ನಲ್ಲಿನ ಗೋಜಿಲ್ಲದೆ ಊರಿನ ಆಚೆ ಬದಿ. ಅಲ್ಲಿಂದ ಬಿಡದಿಗೆ ಬಸ್ಸು. ಸಂಜೆ ಮಕ್ಕಳು ತೊಡೆಯ ಮೇಲೆ ಮಲಗಿಕೊಂಡೇ ವಾಪಸಾಗಬಹುದು, ರಾತ್ರಿ ಗಾಡಿ ಓಡಿಸುವ ಆತಂಕವಿಲ್ಲ. ಮುಳಬಾಗಿಲಿಗೆ ರೈಲೇ ಇಲ್ಲ. ಶ್ರೀನಿವಾಸಪುರಕ್ಕೆ ಹಳಿ ಇದ್ದರೂ ಅದು ಕೋಲಾರ–ಚಿಕ್ಕಬಳ್ಳಾಪುರ ಮಾರ್ಗದ್ದು, ಬೆಂಗಳೂರಿಗೆ ಸುತ್ತುದಾರಿ. ಈ ಎರಡು ಊರುಗಳಿಗಾಗಿ ಕೆಎಸ್‌ಆರ್‌ಟಿಸಿಯ ಕೋಲಾರ ವಿಭಾಗ ರಜೆಯ ದಿನಗಳಲ್ಲಿ ಒಂದೊಂದು ನೇರ ಬಸ್ಸು ಬಿಡಬೇಕು: ಬೆಳಗ್ಗೆ 6ಕ್ಕೆ ಮುಳಬಾಗಿಲು, ಶ್ರೀನಿವಾಸಪುರ ಎರಡೂ ಕಡೆಯಿಂದ ಹೊರಟು ಕೋಲಾರದಲ್ಲಿ ಕೂಡಿ, ಸಂಜೆ ಐದೂವರೆಗೆ ಬಿಡದಿ ಬಿಡುವಂತೆ, ನಡುವೆ ಎಲ್ಲೂ 'ಹಂಗೇ' ತಿರುಗದಂತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ ಮನೆಯ ಖರ್ಚೂ ಇಳಿಯುತ್ತದೆ. ದಸರಾ ರಜೆಯ ಮಂಗಳವಾರ, ಗುರುವಾರಗಳಲ್ಲಿ ಇದನ್ನು ಪ್ರಯೋಗಕ್ಕೆ ಓಡಿಸಿ ನೋಡಿದರೆ, ಬೇಸಿಗೆಯ ಹೊತ್ತಿಗೆ ಎಷ್ಟು ಬಸ್ಸು ಬೇಕೆಂಬ ಲೆಕ್ಕ ವಿಭಾಗದ ಕೈಯಲ್ಲಿರುತ್ತದೆ.